‘ನಾಲ್ಕು’ ಎನ್ನುವ ಮೊದಲು ಇಡೀ ವಾಕ್ಯ ಓದೋಣ: ಇಸ್ಲಾಮಿನಲ್ಲಿ ಬಹುಪತ್ನಿತ್ವ

ಸಮಾಜಶಾಸ್ತ್ರದ ಕುಟುಂಬದ ಪಾಠದಲ್ಲಿ ಈ ವಿಷಯ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಮುಸ್ಲಿಮರಲ್ಲಿ ನಾಲ್ಕು ಮದುವೆಗೆ ಅವಕಾಶವಿದೆ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಓದುವ ನಮಗೆ ನೋಟ್ಸ್ ಸಿಗುವುದೇ ಕಷ್ಟ, ಸಿಕ್ಕಿದ್ದೂ ಹೀಗೆ ಅರ್ಧಂಬರ್ಧ. ಆ ಸಾಲು ಸುಳ್ಳಲ್ಲ. ಆದರೆ ಅದನ್ನಷ್ಟೇ ಬರೆದರೆ ಉತ್ತರ ತಪ್ಪಾಗುತ್ತದೆ ಎಂದು ನನಗೆ ಅನಿಸಿದೆ. ಅದಕ್ಕೇ ಈ ಟಿಪ್ಪಣಿ.

ಮೊದಲು ವಚನ. ಕುರ್‌ಆನಿನ ನಾಲ್ಕನೇ ಅಧ್ಯಾಯ ‘ಅನ್ನಿಸಾ’, ಅಂದರೆ ಹೆಂಗಸರು. ಅದರ ಮೂರನೇ ವಚನ ಶುರುವಾಗುವುದು ಮದುವೆಯ ಮಾತಿನಿಂದಲ್ಲ, ಯತೀಮರಿಂದ, ಅಂದರೆ ತಂದೆ ಇಲ್ಲದ ಮಕ್ಕಳಿಂದ. ಯತೀಮರ ವಿಷಯದಲ್ಲಿ ನ್ಯಾಯವಾಗಿ ನಡೆಯಲಾರೆವು ಎಂಬ ಭಯ ನಿಮಗಿದ್ದರೆ, ನಿಮಗೆ ಒಪ್ಪಿಗೆಯಾಗುವ ಬೇರೆ ಹೆಂಗಸರನ್ನು ಮದುವೆಯಾಗಿ, ಇಬ್ಬರು, ಮೂವರು, ನಾಲ್ವರು. ಅವರ ನಡುವೆಯೂ ನ್ಯಾಯ ಪಾಲಿಸಲಾರೆವು ಎಂಬ ಭಯವಿದ್ದರೆ ಒಬ್ಬಳೇ ಸಾಕು. ವಚನದ ಸಾರ ಇದು. ಎಣಿಕೆಯ ಹಿಂದೆಯೂ ಮುಂದೆಯೂ ‘ನ್ಯಾಯ’ ಎಂಬ ಮಾತು ಕಾವಲಿಗೆ ನಿಂತಿದೆ, ಅಲ್ವಾ?

ಯತೀಮರ ಮಾತು ಇಲ್ಲಿ ಯಾಕೆ ಬಂತು? ಪ್ರವಾದಿಯವರ ಪತ್ನಿ ಆಯಿಶಾ ಅವರ ವಿವರಣೆ ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳಲ್ಲಿ ಇದೆ. ತಂದೆ ತೀರಿಹೋದ ಹುಡುಗಿ ಒಬ್ಬ ಪೋಷಕನ ಕೈಯಲ್ಲಿ ಬೆಳೆಯುತ್ತಾಳೆ. ಅವಳ ಆಸ್ತಿಯ ಮೇಲೆ, ಚೆಲುವಿನ ಮೇಲೆ ಅವನಿಗೆ ಆಸೆ. ಬೇರೆಯವರಾದರೆ ಕೊಡುವಷ್ಟು ಮಹರ್ (ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಧನ) ಕೊಡದೆ ತಾನೇ ಮದುವೆಯಾಗಲು ನೋಡುತ್ತಾನೆ. ಆ ಅನ್ಯಾಯವನ್ನು ತಡೆಯಲು ಈ ಮಾತು ಬಂತು ಎನ್ನುತ್ತಾರೆ ಆಯಿಶಾ. ಸುಮಾರು 70 ಮುಸ್ಲಿಮರು ಸತ್ತ 625ರ ಉಹುದ್ ಯುದ್ಧದ ಹಿನ್ನೆಲೆಯನ್ನೂ ಹಲವರು ಹೇಳುತ್ತಾರೆ. ಆಗ ಮದೀನಾದಲ್ಲಿ ವಿಧವೆಯರೂ ಯತೀಮರೂ ಒಮ್ಮೆಲೇ ಜಾಸ್ತಿಯಾಗಿದ್ದರು.

ಅದಕ್ಕೂ ಮೊದಲು ಅರಬರಲ್ಲಿ ಹೆಂಡತಿಯರ ಸಂಖ್ಯೆಗೆ ಮಿತಿಯೇ ಇರಲಿಲ್ಲ. ಹತ್ತು ಹೆಂಡತಿಯರಿದ್ದ ಗೈಲಾನ್ ಎಂಬವರು ಇಸ್ಲಾಮಿಗೆ ಬಂದಾಗ, ನಾಲ್ವರನ್ನು ಇಟ್ಟುಕೊಂಡು ಉಳಿದವರನ್ನು ಬಿಡು ಎಂದು ಪ್ರವಾದಿ ಹೇಳಿದರೆಂದು ಹದೀಸ್ ಇದೆ. ನಾಲ್ಕು ಎಂಬುದು ಮೇಲಿನ ಮಿತಿ. ಇಷ್ಟು ಮಾಡಿಕೊಳ್ಳಲೇಬೇಕು ಎಂಬ ಆದೇಶ ಎಲ್ಲೂ ಇಲ್ಲ.

ಈಗ ‘ಅದ್ಲ್’, ಅಂದರೆ ನ್ಯಾಯ. ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಡೆಯ ಹೆಚ್ಚಿನ ಮುಸ್ಲಿಮರು ಅನುಸರಿಸುವುದು ಇಸ್ಲಾಮಿ ಕಾನೂನಿನ ಪಂಥಗಳಲ್ಲಿ ಒಂದಾದ ಶಾಫಿ ಮದ್‌ಹಬ್. ಅದರ ಗ್ರಂಥಗಳಲ್ಲಿ ನ್ಯಾಯ ಎಂದರೆ ಬರೀ ಒಳ್ಳೆಯ ಮಾತಲ್ಲ, ಲೆಕ್ಕ. ಊಟ, ಬಟ್ಟೆ, ಮನೆ ಕೊಡಬೇಕು. ಹೆಂಡತಿಯರ ಒಪ್ಪಿಗೆ ಇಲ್ಲದೆ ಇಬ್ಬರನ್ನು ಒಂದೇ ಮನೆಯಲ್ಲಿ ಇರಿಸುವಂತಿಲ್ಲ. ರಾತ್ರಿಗಳಿಗೂ ಸರದಿ ಇದೆ. ಹೊಸ ಹೆಂಡತಿಗೆ ಅದು ಮೊದಲ ಮದುವೆಯಾದರೆ ಏಳು ರಾತ್ರಿ, ಹಿಂದೆ ಮದುವೆಯಾಗಿದ್ದವಳಾದರೆ ಮೂರು ರಾತ್ರಿ, ಆಮೇಲೆ ಸರಿಸಮ ಸರದಿ. ಪ್ರಯಾಣಕ್ಕೆ ಯಾರನ್ನು ಕರೆದೊಯ್ಯಬೇಕು ಎಂಬುದಕ್ಕೆ ಚೀಟಿ ಎತ್ತಬೇಕು. ಇಬ್ಬರು ಹೆಂಡತಿಯರಿದ್ದು ಒಬ್ಬಳ ಕಡೆಗೇ ವಾಲಿದವನು ಅಂತಿಮ ದಿನ ಒಂದು ಪಕ್ಕ ವಾಲಿಕೊಂಡೇ ಬರುತ್ತಾನೆ ಎಂಬ ಹದೀಸನ್ನೂ ನೆನಪಿಡಿ.

ನಮ್ಮ ಮನೆಯ ಹತ್ತಿರ ಒಬ್ಬ ಅಜ್ಜಿ ಇದ್ದಾರೆ. ನಾವೆಲ್ಲ ಅವರನ್ನು ಉಮ್ಮ ಎಂದೇ ಕರೆಯುವುದು. ಅವರ ಗಂಡ ಎರಡನೇ ಮದುವೆಯಾಗಿ ಹೊಳೆಯ ಆಚೆ ಮನೆ ಮಾಡಿದ್ದರು. ಈ ಟಿಪ್ಪಣಿಗಾಗಿ ಕೇಳಿದಾಗ ಉಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: “ಮೋಳೇ, ಆಚೆ ಮನೆಗೆ ಒಂದು ಮುಡಿ ಅಕ್ಕಿ ಹೋದರೆ ಈಚೆ ಮನೆಗೂ ಒಂದು ಮುಡಿ ಬರುತ್ತಿತ್ತು. ಪೆರ್ನಾಲಿಗೆ (ಈದ್ ಹಬ್ಬಕ್ಕೆ) ಸೀರೆಯೂ ಬರುತ್ತಿತ್ತು. ಅವರು ಮಾತ್ರ ಬರುತ್ತಿರಲಿಲ್ಲ.” ಎಲೆ ಮಡಚಿ ಬಾಯಿಗಿಟ್ಟುಕೊಂಡು ಸುಮ್ಮನಾದರು. ಗ್ರಂಥದ ಸರದಿಯ ನಿಯಮ ಯಾಕೆ ಅಷ್ಟು ಬಿಗಿಯಾಗಿದೆ ಎಂದು ನನಗೆ ಅರ್ಥವಾದದ್ದು ಆಗ.

ಅದೇ ಅಧ್ಯಾಯದ 129ನೇ ವಚನ ಉಮ್ಮನ ಮಾತಿಗೆ ತೀರಾ ಹತ್ತಿರ. ಎಷ್ಟೇ ಆಸೆಪಟ್ಟರೂ ಹೆಂಡತಿಯರ ನಡುವೆ ಪೂರ್ತಿ ನ್ಯಾಯ ಪಾಲಿಸಲು ನಿಮ್ಮಿಂದಾಗದು. ಹಾಗಾಗಿ ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ತೂಗುಹಾಕಿದಂತೆ ಬಿಡಬೇಡಿ. ಅತ್ತ ಗಂಡನಿರುವವಳೂ ಅಲ್ಲ, ಇತ್ತ ಬಿಡುಗಡೆಯಾದವಳೂ ಅಲ್ಲ.

ಎರಡು ವಚನಗಳನ್ನು ಜೋಡಿಸುವುದು ಹೇಗೆ? ಚರ್ಚೆ ಇರುವುದೇ ಇಲ್ಲಿ. ಹಳೆಯ ವಿದ್ವಾಂಸರ ಪ್ರಕಾರ 129ನೇ ವಚನ ಹೇಳುವುದು ಮನಸ್ಸಿನ ಪ್ರೀತಿಯ ಬಗ್ಗೆ. ಅದು ಯಾರ ಹಿಡಿತಕ್ಕೂ ಸಿಗದು. ಮೂರನೇ ವಚನದ ಷರತ್ತು ಖರ್ಚು ಮತ್ತು ಸರದಿಯ ಬಗ್ಗೆ, ಅದು ಕೈಲಾಗುವಂಥದ್ದು. ಆದ್ದರಿಂದ ಅನುಮತಿ ಉಳಿಯುತ್ತದೆ. ಈಜಿಪ್ಟಿನ ಮುಹಮ್ಮದ್ ಅಬ್ದುಹು ಅವರಂಥ ಸುಧಾರಕರು ಬೇರೆ ದಾರಿ ಹಿಡಿದರು: ಷರತ್ತು ಪೂರೈಸುವುದೇ ಇಷ್ಟು ಕಷ್ಟವಾದರೆ, ಅನ್ಯಾಯ ಹೆಚ್ಚಿದ ಕಾಲದಲ್ಲಿ ಅನುಮತಿಯನ್ನು ತಡೆಯಬಹುದು. ಟುನೀಶಿಯಾ 1956ರಲ್ಲಿ ಬಹುಪತ್ನಿತ್ವವನ್ನೇ ನಿಷೇಧಿಸಿತು. ಪಾಕಿಸ್ತಾನ 1961ರಲ್ಲಿ ಎರಡನೇ ಮದುವೆಗೆ ಮಧ್ಯಸ್ಥಿಕೆ ಮಂಡಳಿಯ ಅನುಮತಿ ಬೇಕೆಂದಿತು. ನನಗೆ ಸುಧಾರಕರ ಓದು ವಚನದ ಉದ್ದೇಶಕ್ಕೆ ಹತ್ತಿರ ಎನಿಸುತ್ತದೆ. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ.

ನಮ್ಮ ದೇಶದ ಕಾನೂನು ಬೇಗ ನೋಡಿಬಿಡೋಣ. 1937ರ ಶರೀಅತ್ ಕಾಯ್ದೆಯಿಂದ ಮುಸ್ಲಿಮರ ಮದುವೆಗೆ ಹೆಚ್ಚಿನ ರಾಜ್ಯಗಳಲ್ಲಿ ಅವರ ವೈಯಕ್ತಿಕ ಕಾನೂನು ಅನ್ವಯ. ಹಿಂದೂಗಳಿಗೆ 1955ರ ಕಾಯ್ದೆ ಏಕಪತ್ನಿತ್ವವನ್ನು ಕಡ್ಡಾಯ ಮಾಡಿತು. ಆದರೆ ನಮ್ಮೂರಲ್ಲಿ ಅದು ಇನ್ನೂ ಮೊದಲೇ ಬಂದಿತ್ತು. ಕಾಸರಗೋಡು ಆಗ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದ ತಾಲೂಕು. ಮದ್ರಾಸಿನಲ್ಲಿ ಹಿಂದೂ ದ್ವಿಪತ್ನಿತ್ವ ತಡೆ ಕಾಯ್ದೆ 1949ರಲ್ಲೇ ಆಗಿತ್ತು. ಅಂದರೆ ಹಿಂದೂಗಳಲ್ಲೂ ಈ ಪದ್ಧತಿ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಬೇರೆ ಹೆಂಡತಿ ಇದ್ದಾಳೆ ಎಂದವರು ಮುಸ್ಲಿಂ ಹೆಂಗಸರಲ್ಲಿ 1.9%, ಹಿಂದೂಗಳಲ್ಲಿ 1.3%. ‘ಎಲ್ಲ ಮುಸ್ಲಿಮರಿಗೂ ನಾಲ್ಕು’ ಎಂಬ ಬಸ್‌ಸ್ಟ್ಯಾಂಡ್ ಮಾತಿಗೆ ಈ ಅಂಕಿ ಸಾಕು.

2025ರಲ್ಲಿ ನಮ್ಮ ಜಿಲ್ಲೆಯ ತ್ರಿಕ್ಕರಿಪುರ ಪಂಚಾಯತಿನ ಒಂದು ಪ್ರಕರಣ ಕೇರಳ ಹೈಕೋರ್ಟಿಗೆ ಹೋಯಿತು. ಎರಡನೇ ಮದುವೆಯನ್ನು ನೋಂದಾಯಿಸಿ ಎಂದು ಕೇಳಿದ ಅರ್ಜಿ ಅದು. ಮೊದಲ ಹೆಂಡತಿಗೆ ನೋಟಿಸ್ ಕೊಟ್ಟು ಅವಳ ಮಾತು ಕೇಳದೆ ನೋಂದಣಿ ಮಾಡಬಾರದು ಎಂದಿತು ಕೋರ್ಟು. ಅವಳು ತಕರಾರು ಎತ್ತಿದರೆ ಮದುವೆ ಊರ್ಜಿತವೇ ಎಂಬುದನ್ನು ಸಿವಿಲ್ ಕೋರ್ಟು ತೀರ್ಮಾನಿಸಬೇಕು. ಪಂಚಾಯತಿನ ಮೇಜಿನ ಮುಂದೆ ಮೊದಲನೆಯವಳಿಗೂ ಒಂದು ಕುರ್ಚಿ ಸಿಕ್ಕಿತು.

ಇನ್ನೊಂದು ಕಲಮನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ಪ್ರಕಾರ, ಒಬ್ಬರಿಗಿಂತ ಹೆಚ್ಚು ಹೆಂಡತಿಯರಿರುವ ಗಂಡ ಕುರ್‌ಆನ್ ಹೇಳಿದಂತೆ ಸಮಾನವಾಗಿ ನೋಡಿಕೊಳ್ಳದಿದ್ದರೆ ಹೆಂಡತಿ ಕೋರ್ಟಿನಲ್ಲಿ ವಿಚ್ಛೇದನ ಪಡೆಯಬಹುದು. 2021ರಲ್ಲಿ ಕೇರಳ ಹೈಕೋರ್ಟು ಇದೇ ಕಲಮಿನಡಿ ತೀರ್ಪು ಕೊಟ್ಟಿತು: ಮೊದಲ ಹೆಂಡತಿಯ ಜೊತೆ ಬಾಳದೆ ದೂರ ಇಡುವುದು ಸಮಾನತೆಯ ಆಜ್ಞೆಯನ್ನು ಮುರಿದಂತೆ.

ಇದನ್ನು ಉಮ್ಮನಿಗೆ ಓದಿ ಹೇಳಿದೆ. ಅಕ್ಕಿ ಕಳಿಸಿದರೂ? ಎಂದು ಕೇಳಿದರು. ಹೌದು ಉಮ್ಮ, ಅಕ್ಕಿ ಒಂದೇ ಸಾಲದು ಎಂದೆ. ಯಾವ ವರ್ಷದ ಕಾನೂನು ಎಂದರು. 1939 ಎಂದೆ. ಉಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. “ಹಾಗಾದರೆ ನನ್ನ ನಿಕಾಹ್ ಆಗುವಾಗಲೇ ಇತ್ತು. ಯಾರೂ ಹೇಳಲಿಲ್ಲ ಮೋಳೇ.”