‘ಎರಡು ರೂಪಾಯಿ ಬಡ್ಡಿ’ ಅಂದರೆ ಎಷ್ಟು? ಸಂಘದ ಜೊತೆ ಪ್ರಾಜೆಕ್ಟ್ ಮಾಡುವವರಿಗೆ ಟಿಪ್ಪಣಿ

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ನಮ್ಮ ನಾಲ್ಕು ಜನರ ತಂಡ ಕುಂದಗೋಳ ಕಡೆಯ ಒಂದು ಹಳ್ಳಿಯ ಮಹಿಳಾ ಸ್ವಸಹಾಯ ಸಂಘಕ್ಕೆ ಲೆಕ್ಕ ಇಡುವ ಆಪ್ ಮಾಡಿಕೊಡುತ್ತಿದೆ. ಬಡ್ಡಿ ಲೆಕ್ಕದಲ್ಲಿ ಎಡವಿ ನಮಗೆ ಎರಡು ವಾರ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮುಂದಿನ ವರ್ಷ ಇಂಥ ಕೆಲಸ ಹಿಡಿಯುವವರಿಗೂ ಬೇಕಾಗುತ್ತದೆ.

ಯಾಕೆ ಈ ಪ್ರಾಜೆಕ್ಟ್?

ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಚಟುವಟಿಕೆ ಅಂಕಗಳು, ಅಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಮಾಜದ ಕೆಲಸ ಮಾಡಿ ಗಳಿಸಬೇಕಾದ ಅಂಕಗಳು, ನಿಮಗೆ ಗೊತ್ತೇ ಇವೆ. ನಾಲ್ಕು ವರ್ಷದಲ್ಲಿ 100, ಲ್ಯಾಟರಲ್ ಎಂಟ್ರಿಯವರಿಗೆ (ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ) 75. ಸಿಜಿಪಿಎಗೆ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಅಂಕಕ್ಕೆ) ಸೇರುವುದಿಲ್ಲ, ಆದರೆ ಇಲ್ಲದಿದ್ದರೆ ಪದವಿ ಸಿಗುವುದಿಲ್ಲ. ಬಹಳ ಜನ ಒಂದು ದಿನ ಹೋಗಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಲ್ಯಾಬಿನಲ್ಲಿ ಪ್ರಶ್ನೆ ಬರೆದೇ ಕೊಟ್ಟಿರುತ್ತಾರೆ, ನಾವು ಉತ್ತರ ಬರೆದರೆ ಮುಗಿಯಿತು. ಸಂಘದ ಹತ್ತಿರ ಹೋದರೆ ಪ್ರಶ್ನೆಯನ್ನೇ ನಾವು ಹುಡುಕಬೇಕು. ಕಂಪನಿಯಲ್ಲಿ ‘ರಿಕ್ವೈರ್‌ಮೆಂಟ್’ ಅನ್ನುತ್ತಾರಲ್ಲ, ಅದು ಇದೇ.

ನಮ್ಮ ಭಾಗದಲ್ಲಿ ಇದಕ್ಕೆ ಜಾಗ ಹುಡುಕಬೇಕಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಗಿದ್ದೇ ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಕೂಡಿ ಉಳಿಸಿ, ಕೂಡಿ ಸಾಲ ಕೊಟ್ಟು ಲೆಕ್ಕ ಬರೆಯುವುದು ಇಲ್ಲಿಯ ಹಳೆಯ ರೂಢಿ. ಇವತ್ತಿನ ಸ್ವಸಹಾಯ ಸಂಘಗಳ ಪಂಚಸೂತ್ರದಲ್ಲಿ (ಐದು ನಿಯಮಗಳಲ್ಲಿ) ತಪ್ಪದ ಸಭೆ, ಉಳಿತಾಯ, ಒಳಸಾಲ (ಸದಸ್ಯರ ನಡುವೆಯೇ ಕೊಡುವ ಸಾಲ), ಮರುಪಾವತಿ ಇವುಗಳ ಜೊತೆ ಸರಿಯಾದ ಪುಸ್ತಕ ನಿರ್ವಹಣೆಯೂ ಒಂದು. ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುವುದು ಆ ಪುಸ್ತಕವನ್ನೇ. ಹಾಗಾಗಿ ನಮ್ಮ ಆಪ್‌ನಲ್ಲಿ ಒಂದು ಅಂಕಿ ತಪ್ಪಿದರೂ ಅದರ ಪೆಟ್ಟು ಆ ಹೆಣ್ಣುಮಕ್ಕಳಿಗೇ ಬೀಳುತ್ತದೆ.

ಬಡ್ಡಿ: ನಾವು ಎಡವಿದ ಜಾಗ

ಮೊದಲ ಸಭೆಯಲ್ಲಿ ನಾನು ಕೇಳಿದೆ, “ಅಕ್ಕಾರ, ಬಡ್ಡಿ ಎಷ್ಟು?” ಪುಸ್ತಕ ಬರೆಯುವ ಅಕ್ಕ, “ಎರಡು ರೂಪಾಯಿ” ಅಂದರು. ನಾನು ನೋಟ್‌ಬುಕ್ಕಿನಲ್ಲಿ ‘ಬಡ್ಡಿ ದರ: ಶೇ. 2’ ಎಂದು ಬರೆದುಕೊಂಡೆ. ಅಲ್ಲೇ ತಪ್ಪಾಯಿತು.

ಶಾಲೆಯಲ್ಲಿ ಕಲಿತ ಸೂತ್ರ ನೆನಪಿದೆ ಅಲ್ವಾ? ಅಸಲು × ದರ × ಕಾಲ ÷ 100. ಅಲ್ಲಿ ದರ ಯಾವಾಗಲೂ ವರ್ಷಕ್ಕೆ. ನಾವು ಅದನ್ನೇ ಕೋಡ್ ಮಾಡಿದೆವು. 10,000 ರೂಪಾಯಿ ಸಾಲಕ್ಕೆ ಮೊದಲ ತಿಂಗಳ ಬಡ್ಡಿ 16 ರೂಪಾಯಿ 67 ಪೈಸೆ ಎಂದು ತೋರಿಸಿತು. ಕೋಡ್ ಸರಿ ಇದೆಯೇ ಎಂದು ನೋಡುವ ಟೆಸ್ಟ್ ಎಲ್ಲ ಪಾಸ್. ಟೆಸ್ಟ್ ಬರೆದವರೂ ನಾವೇ, ಅದೇ ತಪ್ಪು ತಿಳಿವಳಿಕೆಯಿಂದ ಬರೆದಿದ್ದೆವು. ಪಾಸ್ ಆಗದೆ ಇನ್ನೇನು?

ಅಕ್ಕ ಪರದೆ ನೋಡಿ, “ಇಲ್ಲ ತಮ್ಮಾ, ಎರಡು ರೂಪಾಯಿ ಅಂದ್ರ ನೂರಕ್ಕ ತಿಂಗಳಿಗೆ ಎರಡು. ಇನ್ನೂರು ಬರಬೇಕು” ಅಂದರು.

ಅಂದರೆ ತಿಂಗಳಿಗೆ ಶೇ. 2, ವರ್ಷಕ್ಕೆ ಶೇ. 24. ಊರಲ್ಲಿ, ಪೇಟೆಯಲ್ಲಿ ‘ಇಷ್ಟು ರೂಪಾಯಿ ಬಡ್ಡಿ’ ಅಂದರೆ ಅರ್ಥ ಇದೇ. ನಮ್ಮ ಮನೆಯಲ್ಲೂ ಹೀಗೇ ಮಾತಾಡುತ್ತಾರೆ. ಆದರೂ ಲ್ಯಾಪ್‌ಟಾಪ್ ಮುಂದೆ ಕೂತಾಗ ನನ್ನ ತಲೆಗೆ ಬಂದಿದ್ದು ಪುಸ್ತಕದ ಸೂತ್ರ.

ಸರಿ, ತಿಂಗಳಿಗೆ ಶೇ. 2 ಎಂದು ತಿದ್ದಿದೆವು. ಹತ್ತು ಕಂತು, ತಿಂಗಳಿಗೆ 200, ಒಟ್ಟು ಬಡ್ಡಿ 2,000. ಮತ್ತೆ ತಾಳೆಯಾಗಲಿಲ್ಲ. ಪುಸ್ತಕದಲ್ಲಿ 1,100 ಇತ್ತು.

ಆಗ ಅಕ್ಕ ಪುಸ್ತಕವನ್ನೇ ಮುಂದಿಟ್ಟರು. ಹಳೆ ಕ್ಯಾಲೆಂಡರ್ ಹಾಳೆ ಹೊದಿಸಿದ ಉದ್ದನೆಯ ಪುಸ್ತಕ, ಒಬ್ಬೊಬ್ಬರಿಗೆ ಒಂದೊಂದು ಪುಟ. ಒಂದು ಸಾಲದ ಪುಟವನ್ನು ನಾನು ಕೈಯಲ್ಲೇ ನಕಲು ಮಾಡಿಕೊಂಡೆ. ಮೊದಲ ತಿಂಗಳು ಅಸಲು ಬಾಕಿ 10,000, ಬಡ್ಡಿ 200, ಅಸಲಿಗೆ ಕಟ್ಟಿದ್ದು 1,000. ಎರಡನೇ ತಿಂಗಳು ಬಾಕಿ 9,000, ಬಡ್ಡಿ 180. ಮೂರನೇ ತಿಂಗಳು ಬಾಕಿ 8,000, ಬಡ್ಡಿ 160. ಹೀಗೆ ಇಳಿಯುತ್ತಾ ಹತ್ತನೇ ತಿಂಗಳು ಬಾಕಿ 1,000, ಬಡ್ಡಿ 20. 200ರಿಂದ 20ರವರೆಗೆ ಕೂಡಿದರೆ 1,100. ಬಡ್ಡಿ ಹಾಕುವುದು ಉಳಿದ ಅಸಲಿನ ಮೇಲೆ ಮಾತ್ರ. ಕೈಯಿಂದ ಬರೆಯುವಾಗ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಇದು ತಾನಾಗಿಯೇ ಹೊಳೆಯಿತು.

ಇನ್ನೊಂದು ಪುಟದಲ್ಲಿ ಮೂರನೇ ತಿಂಗಳು ಬರೀ ಬಡ್ಡಿ 160 ಕಟ್ಟಿದ್ದರು. ಆ ತಿಂಗಳು ಕೈಯಲ್ಲಿ ದುಡ್ಡಿರಲಿಲ್ಲವಂತೆ, ಅಸಲು ಬಿಟ್ಟಿದ್ದಾರೆ. ಹಾಗಾಗಿ ನಾಲ್ಕನೇ ತಿಂಗಳೂ ಬಡ್ಡಿ 160. ನಮ್ಮ ಕೋಡ್ ಕಂತು ತಪ್ಪುವುದೇ ಇಲ್ಲ ಎಂದು ನಂಬಿ, ಸಾಲ ಕೊಟ್ಟ ದಿನವೇ ಹತ್ತು ತಿಂಗಳ ಪಟ್ಟಿ ತಯಾರಿಸಿ ಇಟ್ಟುಬಿಡುತ್ತಿತ್ತು. ಅದನ್ನು ಪೂರ್ತಿ ಕಿತ್ತು ಹಾಕಿದೆವು. ಈಗ ಬಾಕಿಗೆ ಪ್ರತ್ಯೇಕ ಕಾಲಂ ಇಲ್ಲ. ಕೊಟ್ಟಿದ್ದು, ಕಟ್ಟಿದ್ದು ಪ್ರತಿಯೊಂದೂ ತಾರೀಖಿನ ಸಮೇತ ಒಂದು ಸಾಲು. ಬಾಕಿ ಬೇಕಾದಾಗ ಆ ಸಾಲುಗಳನ್ನು ಕೂಡಿ ಕಳೆದು ತೆಗೆಯುತ್ತೇವೆ. ತಪ್ಪು ನಮೂದು ಸಿಕ್ಕರೆ ಅಳಿಸುವುದಿಲ್ಲ, ಅದನ್ನು ಸರಿಪಡಿಸುವ ಇನ್ನೊಂದು ಸಾಲು ಹಾಕುತ್ತೇವೆ. ಅಕ್ಕನ ಪುಸ್ತಕದಲ್ಲೂ ಬಿಳಿ ಶಾಯಿ ಎಲ್ಲೂ ಇಲ್ಲ!

ಹಾಗಾಗಿ ನನ್ನ ನೇಮ ಈಗ ಇಷ್ಟೇ. ಕೋಡ್ ಮುಟ್ಟುವ ಮೊದಲು ಅವರ ಪುಸ್ತಕದ ಮೂರು ಪುಟ ಕೈಯಲ್ಲಿ ನಕಲು ಮಾಡಬೇಕು. ಅದರಲ್ಲಿ ಒಂದಾದರೂ ಕಂತು ತಪ್ಪಿದವರ ಪುಟ ಇರಲೇಬೇಕು. ಕೊನೆಯ ಮೊತ್ತ ಅವರ ಮೊತ್ತಕ್ಕೆ ಸರಿಹೊಂದುವವರೆಗೆ ಕಾಗದದ ಮೇಲೆ ಲೆಕ್ಕ ಮಾಡಬೇಕು. ಆ ಪುಟಗಳೇ ಆಮೇಲೆ ನಿಮ್ಮ ಟೆಸ್ಟ್ ಕೇಸ್. ಸುಮ್ನೆ ‘ನಿಮಗೆ ಏನು ಬೇಕು’ ಎಂದು ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ‘ಇದನ್ನು ಹೇಗೆ ಬರೆದಿರಿ’ ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರೆ ಎಲ್ಲ ಹೊರಗೆ ಬರುತ್ತದೆ.

ಉಳಿದವು

ಒಂದೇ ಹೆಸರಿನವರು ಇಬ್ಬರು ಇದ್ದೇ ಇರುತ್ತಾರೆ, ಪ್ರೈಮರಿ ಕೀ (ಒಬ್ಬೊಬ್ಬರನ್ನು ಬೇರೆಯಾಗಿ ಗುರುತಿಸುವ ಕಾಲಂ) ಆಗಿ ಸದಸ್ಯರ ಸಂಖ್ಯೆ ಬಳಸಿ. ದುಡ್ಡಿಗೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಟೈಪ್) ಬೇಡ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಟೈಪ್ ಬಳಸಿ. ಸದಸ್ಯರ ನಿಜವಾದ ಹೆಸರು, ಸಾಲದ ಮೊತ್ತ ಗಿಟ್‌ಹಬ್‌ಗೆ (ಕೋಡ್ ಹಂಚಿಕೊಳ್ಳುವ ತಾಣಕ್ಕೆ) ಹೋಗಲೇಬಾರದು. ಯಾರು ಎಷ್ಟು ಸಾಲ ಮಾಡಿದ್ದಾರೆ ಅನ್ನುವುದು ಅವರ ಮನೆಯ ಮಾತು.

ಇಂಟರ್‌ವ್ಯೂಗೆ

ರೆಸ್ಯೂಮೆಯಲ್ಲಿ ‘ಸಂಘಕ್ಕೆ ಆಪ್ ಮಾಡಿದ್ದೇನೆ’ ಎಂಬ ಸಾಲಿಗಿಂತ, 16 ರೂಪಾಯಿ 67 ಪೈಸೆ ಹೇಗೆ 200 ಆಯಿತು ಎಂದು ವಿವರಿಸಿದರೆ ಕೇಳುವವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಾಣುತ್ತದೆ. ಮೊನ್ನೆ ಕಾಲೇಜಿನ ಅಣಕು ಸಂದರ್ಶನದಲ್ಲಿ ನಾನು ಹಾಗೇ ಹೇಳಿದೆ. ಮುಂದಿನ ಹತ್ತು ನಿಮಿಷವೂ ಪ್ರಶ್ನೆಗಳು ಅದರ ಮೇಲೇ ಬಂದವು. ಒಂದಕ್ಕೆ ಮಾತ್ರ ಉತ್ತರ ಇರಲಿಲ್ಲ: ತಿಂಗಳ ನಡುವೆ ಯಾರಾದರೂ ಪೂರ್ತಿ ಸಾಲ ತೀರಿಸಿದರೆ ಬಡ್ಡಿ ಇಡೀ ತಿಂಗಳಿಗೋ, ದಿನದ ಲೆಕ್ಕಕ್ಕೋ? ಈ ಶನಿವಾರ ಸಭೆ ಇದೆ. ಅಂಥ ಪುಟ ಯಾವುದಾದರೂ ಇದ್ದರೆ ತೆಗೆದಿಡಿ ಎಂದು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೇನೆ.