ಪದ ಪರಿಚಯ: ಕರೆನ್ಸಿ ಒಕ್ಕೂಟ

ಕೆಲವು ದೇಶಗಳು ತಮ್ಮ ತಮ್ಮ ನೋಟು, ನಾಣ್ಯ ಬಿಟ್ಟು ಒಂದೇ ಕರೆನ್ಸಿ ಬಳಸಲು ಒಪ್ಪಿಕೊಂಡರೆ ಅದು ಕರೆನ್ಸಿ ಒಕ್ಕೂಟ. ಇದಕ್ಕೆ ದೊಡ್ಡ ಉದಾಹರಣೆ ಯೂರೋ. 1999ರಲ್ಲಿ 11 ದೇಶಗಳ ಬ್ಯಾಂಕ್ ಲೆಕ್ಕಕ್ಕೆ ಬಂತು, 2002ರಲ್ಲಿ ಜನರ ಜೇಬಿಗೆ ಬಂತು. ಐರೋಪ್ಯ ಒಕ್ಕೂಟದಲ್ಲಿ ಇರುವ ದೇಶಗಳೆಲ್ಲ ಯೂರೋ ಬಳಸುವುದಿಲ್ಲ. ಬ್ರಿಟನ್ ಒಳಗಿದ್ದಷ್ಟು ಕಾಲವೂ ಪೌಂಡ್ ಬಿಡಲಿಲ್ಲ.

ಹೋಗುವುದು ಬರೀ ನೋಟಲ್ಲ. ಬಡ್ಡಿ ದರ ತೀರ್ಮಾನಿಸುವ ಅಧಿಕಾರವೂ ಹೋಗುತ್ತದೆ. ಯೂರೋ ದೇಶಗಳಿಗೆಲ್ಲ ಫ್ರಾಂಕ್‌ಫರ್ಟ್‌ನ ಐರೋಪ್ಯ ಕೇಂದ್ರ ಬ್ಯಾಂಕ್ ಒಂದೇ ದರ ಇಡುತ್ತದೆ. ಕರ್ನಾಟಕಕ್ಕೂ ಬಿಹಾರಕ್ಕೂ ರಿಸರ್ವ್ ಬ್ಯಾಂಕ್ ಒಂದೇ ರೆಪೋ ದರ ಇಡುವುದಿಲ್ಲವೇ, ಹಾಗೆ. ಆದರೆ ನಮ್ಮಲ್ಲಿ ಹಿಂದುಳಿದ ರಾಜ್ಯಕ್ಕೆ ಕೇಂದ್ರದ ತೆರಿಗೆಯಲ್ಲಿ ಜಾಸ್ತಿ ಪಾಲು ಸಿಗುತ್ತದೆ. ಯೂರೋ ದೇಶಗಳ ನಡುವೆ ಅಂಥ ಹಂಚಿಕೆ ತೀರಾ ಕಡಿಮೆ.

ಉದ್ಯಮಿಗಳು ಇದಕ್ಕೆ ಏನಂತಾರೆ? ಟೋನಿ ಬ್ಲೇರ್ ಪ್ರಧಾನಿಯಾಗಿದ್ದ ಕಾಲದ ಬ್ರಿಟನ್ ನೋಡಿ, ಯೂರೋ ಸೇರಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ನಡೆದಿತ್ತು. ಜಪಾನಿ ಕಾರು ಕಂಪನಿ ನಿಸಾನ್‌ಗೆ ಬ್ರಿಟನ್ನಿನ ಸಂಡರ್‌ಲೆಂಡ್‌ನಲ್ಲಿದ್ದ ಕಾರ್ಖಾನೆ ಸಂಬಳ ಕೊಡುತ್ತಿದ್ದುದು ಪೌಂಡ್‌ನಲ್ಲಿ, ಕಾರುಗಳಲ್ಲಿ ಹೆಚ್ಚಿನವು ಹೋಗುತ್ತಿದ್ದುದು ಯೂರೋಪಿನ ಇತರ ದೇಶಗಳಿಗೆ. 1996ರ ನಂತರ ಪೌಂಡ್ ಏರಿತು. ಅಲ್ಲಿ ಕಾರಿನ ಬೆಲೆ ಅಷ್ಟೇ, ಆದರೆ ಆ ದುಡ್ಡನ್ನು ಪೌಂಡ್‌ಗೆ ಬದಲಿಸಿದಾಗ ಕೈಗೆ ಸಿಗುವುದು ಕಡಿಮೆ. ವಿನಿಮಯ ದರವನ್ನು ಮುಂಗಡವಾಗಿ ಗೊತ್ತು ಮಾಡಿಕೊಳ್ಳಬಹುದು, ನಿಜ. ಆದರೆ ಅದು ಸ್ವಲ್ಪ ಕಾಲಕ್ಕೆ ಮಾತ್ರ. ಕಾರ್ಖಾನೆ ಕಟ್ಟುವುದು ದಶಕಗಳ ಲೆಕ್ಕದಲ್ಲಿ ಅಲ್ವಾ? ಜಪಾನಿ ಕಾರು ಕಂಪನಿಗಳು ಯೂರೋ ಬೇಕು ಎಂದದ್ದು ಇದಕ್ಕೇ.

1998ರಲ್ಲಿ ಹುಟ್ಟಿದ 'ಬಿಸಿನೆಸ್ ಫಾರ್ ಸ್ಟರ್ಲಿಂಗ್' (ಸ್ಟರ್ಲಿಂಗ್ ಅಂದರೆ ಪೌಂಡ್) ಕೂಡ ಉದ್ಯಮಿಗಳದ್ದೇ ಗುಂಪು, ಅದು ಹೇಳಿದ್ದು ಬೇಡ ಅಂತ. ಅವರ ಅಳುಕಿಗೆ ಕಾರಣವಿತ್ತು. 1990ರಲ್ಲಿ ಪೌಂಡಿನ ದರವನ್ನು ಆಗಿನ ಜರ್ಮನ್ ಕರೆನ್ಸಿ ಮಾರ್ಕ್‌ನ ಜೊತೆ ಕಟ್ಟಿಹಾಕಿದ್ದರು. ಆ ಕಟ್ಟು ಉಳಿಸಿಕೊಳ್ಳಲು 1992ರ ಸೆಪ್ಟೆಂಬರ್ 16ರಂದು ಬಡ್ಡಿಯನ್ನು ಶೇ 10ರಿಂದ 12ಕ್ಕೆ ಏರಿಸಿದರು, ಅದೇ ದಿನ 15 ಎಂದೂ ಘೋಷಿಸಿದರು. ಸಂಜೆಗೆ ಕಟ್ಟು ಬಿಚ್ಚಿ ಹೊರಬಂದರು. ಮನೆ ಸಾಲದ ಬಡ್ಡಿ ಬೇಗ ಏರಿಳಿಯುವ ದೇಶದಲ್ಲಿ, ಊರೊಳಗೇ ವ್ಯಾಪಾರ ಮಾಡುವವನಿಗೆ ವಿನಿಮಯ ದರಕ್ಕಿಂತ ಬಡ್ಡಿಯದೇ ಚಿಂತೆ.

ಹಾಗಾಗಿ 'ಉದ್ಯಮ ವಲಯದ ಅಭಿಪ್ರಾಯ' ಎಂಬ ಸುದ್ದಿ ಕಂಡರೆ, ಆ ಉದ್ಯಮಿಯ ಖರ್ಚು ಯಾವ ಕರೆನ್ಸಿಯಲ್ಲಿ, ಆದಾಯ ಯಾವುದರಲ್ಲಿ ಅಂತ ಮೊದಲು ನೋಡುವುದು ಒಳ್ಳೆಯದು. ಸೇರುವಾಗಿನ ದರವೂ ಮುಖ್ಯ. ಪೌಂಡ್ ದುಬಾರಿಯಾಗಿದ್ದಾಗಲೇ ಸೇರಿದ್ದರೆ ರಫ್ತುದಾರರ ನಷ್ಟ ಕಾಯಂ ಆಗುತ್ತಿತ್ತು.

2003ರ ಜೂನ್‌ನಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್, ಯೂರೋ ಸೇರಬಹುದೇ ಎಂದು ನೋಡಲು ತಾವೇ ಇಟ್ಟ ಐದು ಪರೀಕ್ಷೆಗಳ ಫಲಿತಾಂಶ ಕೊಟ್ಟರು. ಪಾಸಾದದ್ದು ಒಂದೇ, ಲಂಡನ್‌ನ ಹಣಕಾಸು ವಲಯದ್ದು. ಅದೇ ಸೆಪ್ಟೆಂಬರ್‌ನಲ್ಲಿ ಸ್ವೀಡನ್ ಜನಮತ ಕೇಳಿತು. ದೊಡ್ಡ ಉದ್ಯಮಗಳು ಯೂರೋ ಪರವಾಗಿ ಜೋರಾಗಿ ಪ್ರಚಾರ ಮಾಡಿದ್ದವು. ಸುಮಾರು ಶೇ 56 ಜನ ಬೇಡ ಎಂದರು.