ಹಸಿ ಸೋಯಾ ತಿಂದ ಇಲಿಗಳು ಬಿಡಿಸಿದ ಗುಟ್ಟು

1917ರಲ್ಲಿ ಅಮೆರಿಕದ ಥಾಮಸ್ ಆಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್ ಇಲಿಗಳಿಗೆ ಸೋಯಾಬೀನ್ ತಿನ್ನಿಸಿ ನೋಡಿದರು. ಹಸಿ ಕಾಳಿನ ಹಿಟ್ಟು ತಿಂದ ಇಲಿಗಳು ಸರಿಯಾಗಿ ಬೆಳೆಯಲಿಲ್ಲ. ಬೇಯಿಸಿದ್ದನ್ನು ತಿಂದವು ಚೆನ್ನಾಗಿ ಬೆಳೆದವು. ಕಾಳು ಒಂದೇ, ಅದರಲ್ಲಿದ್ದ ಪ್ರೋಟೀನೂ ಅಷ್ಟೇ. ಹಾಗಾದರೆ ಬೆಂಕಿ ಮಾಡಿದ್ದೇನು?

ಉತ್ತರದ ಮೊದಲ ಅರ್ಧ ಸಿಕ್ಕಿದ್ದು 1940ರ ದಶಕದಲ್ಲಿ. ಪ್ರೋಟೀನನ್ನು ಕತ್ತರಿಸುವ ಮುಖ್ಯ ಕಿಣ್ವಗಳಲ್ಲಿ ಒಂದು ಟ್ರಿಪ್ಸಿನ್. ಅದು ಹೊಟ್ಟೆಯ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗಿ ಸಣ್ಣ ಕರುಳಿಗೆ ಬರುತ್ತದೆ. ಹಸಿ ಸೋಯಾದಲ್ಲಿ ಈ ಟ್ರಿಪ್ಸಿನ್‌ಗೆ ಗಟ್ಟಿಯಾಗಿ ಅಂಟಿಕೊಂಡು ಅದರ ಕೈ ಕಟ್ಟಿಹಾಕುವ ಒಂದು ಪ್ರೋಟೀನ್ ಇದೆ. ಮೋಸೆಸ್ ಕುನಿಟ್ಜ್ ಅದನ್ನು ಬೇರ್ಪಡಿಸಿ ಹರಳಾಗಿಸಿದರು. ಬೇಯಿಸಿದಾಗ ಇದರ ಬಹುಪಾಲು ಹಾಳಾಗುತ್ತದೆ.

ಕಿಣ್ವ ಕೆಲಸ ಮಾಡಲಿಲ್ಲ, ಪ್ರೋಟೀನ್ ಜೀರ್ಣವಾಗಲಿಲ್ಲ, ಇಲಿ ಬೆಳೆಯಲಿಲ್ಲ. ಕಥೆ ಮುಗಿಯಿತು, ಅಲ್ವಾ? ಇಲ್ಲ. 1948ರಲ್ಲಿ ಹಸಿ ಸೋಯಾ ತಿಂದ ಕೋಳಿಮರಿಗಳನ್ನು ಕೊಯ್ದು ನೋಡಿದಾಗ ಅವುಗಳ ಮೇದೋಜೀರಕ ಗ್ರಂಥಿ ಊದಿಕೊಂಡು ದೊಡ್ಡದಾಗಿತ್ತು. ಮುಂದೆ ಇಲಿಗಳಿಗೆ ಪ್ರೋಟೀನ್ ಬದಲು ಆಗಲೇ ಒಡೆದ ಅಮೈನೊ ಆಮ್ಲಗಳನ್ನೇ ಕೊಟ್ಟು, ಜೊತೆಗೆ ಈ ತಡೆವಸ್ತುವನ್ನು ಬೆರೆಸಿದರು. ಜೀರ್ಣ ಮಾಡುವ ಕೆಲಸವೇ ಇಲ್ಲ, ಆದರೂ ಬೆಳವಣಿಗೆ ಕುಂಠಿತವಾಯಿತು. ಅಂದರೆ ತೊಂದರೆ ಬರೀ ಜೀರ್ಣವಾಗದೆ ಉಳಿದ ಊಟದ್ದಲ್ಲ.

1972ರಲ್ಲಿ ಗ್ರೀನ್ ಮತ್ತು ಲೈಮನ್ ಎಂಬ ಸಂಶೋಧಕರು ಗಂಟು ಬಿಡಿಸಿದರು. ಇಲಿಯ ಜೀರ್ಣರಸ ಕರುಳಿಗೆ ಬೀಳದಂತೆ ಹೊರಗೆ ತಿರುಗಿಸಿದರೆ ಗ್ರಂಥಿ ಜಾಸ್ತಿ ರಸ ಸುರಿಸತೊಡಗಿತು. ಕರುಳಿಗೆ ಟ್ರಿಪ್ಸಿನ್ ಹಾಕಿದರೆ ಸುಮ್ಮನಾಯಿತು. ಸೋಯಾದ ತಡೆವಸ್ತು ಹಾಕಿದರೆ ಮತ್ತೆ ಸುರಿಸಿತು. ಕರುಳಿನಲ್ಲಿ ಬಿಡುವಾಗಿರುವ ಟ್ರಿಪ್ಸಿನ್ ಎಷ್ಟಿದೆ ಎಂದು ಗ್ರಂಥಿಗೆ ಹೇಗೋ ಗೊತ್ತಾಗುತ್ತಿತ್ತು.

ಆ 'ಹೇಗೋ' ನನಗೆ ಬಹಳ ಇಷ್ಟವಾದ ಭಾಗ. ಇಲಿಯ ಕರುಳಿನೊಳಗೆ ಪುಟ್ಟ ಪ್ರೋಟೀನ್ ತುಣುಕುಗಳು ಒಂದೇ ಸಮನೆ ಜಿನುಗುತ್ತಿರುತ್ತವೆ. ಇವು ಕರುಳಗೋಡೆಯ ಜೀವಕೋಶಗಳಿಗೆ ಸುದ್ದಿ ಮುಟ್ಟಿಸಿದರೆ, ಆ ಕೋಶಗಳು ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಹಾರ್ಮೋನಿನ ಆಜ್ಞೆಯಂತೆ ಗ್ರಂಥಿ ಕಿಣ್ವ ಕಳಿಸುತ್ತದೆ. ಹೊಟ್ಟೆ ಖಾಲಿ ಇದ್ದಾಗ ಟ್ರಿಪ್ಸಿನ್‌ಗೆ ಬೇರೆ ಕೆಲಸವಿಲ್ಲ. ಅದು ಈ ತುಣುಕುಗಳನ್ನೇ ಕತ್ತರಿಸಿಹಾಕುತ್ತದೆ. ಸುದ್ದಿ ಮುಟ್ಟುವುದಿಲ್ಲ, ರಸ ಕಡಿಮೆಯಾಗುತ್ತದೆ. ಪ್ರೋಟೀನ್ ತುಂಬಿದ ಊಟ ಬಂದಾಗ ಟ್ರಿಪ್ಸಿನ್ ಅದರ ಹಿಂದೆ ಬೀಳುತ್ತದೆ. ತುಣುಕುಗಳು ಬದುಕಿಕೊಳ್ಳುತ್ತವೆ, ಇನ್ನಷ್ಟು ಕಿಣ್ವಕ್ಕೆ ಕರೆ ಹೋಗುತ್ತದೆ. ಮದುವೆ ಊಟದಲ್ಲಿ ಬಡಿಸುವವರಿಗೆ ಕೈ ಬಿಡುವಿಲ್ಲದಾಗ ಇನ್ನಿಬ್ಬರನ್ನು ಕಳಿಸಿ ಎಂದು ಒಳಗೆ ಕೂಗು ಹೋಗುವ ಹಾಗೆ.

ಹಸಿ ಸೋಯಾ ಇಲ್ಲಿ ಮೋಸ ಮಾಡುತ್ತದೆ. ಟ್ರಿಪ್ಸಿನ್‌ನ ಕೈ ಕಟ್ಟಿದ್ದರಿಂದ ಕರೆ ನಿಲ್ಲುವುದೇ ಇಲ್ಲ. ಗ್ರಂಥಿ ದುಡಿದು ದುಡಿದು ದಪ್ಪವಾಗುತ್ತದೆ. ಕಿಣ್ವವೂ ಪ್ರೋಟೀನೇ, ಅದರಲ್ಲಿ ಗಂಧಕವಿರುವ ಅಮೈನೊ ಆಮ್ಲಗಳು ಧಾರಾಳ. ಸೋಯಾದಲ್ಲಿ ಇವೇ ಕಡಿಮೆ. ಹಾಗಾಗಿ ಇಲಿ ತನ್ನ ಮೈಯ ಸೊತ್ತನ್ನು ಮಲದ ಜೊತೆ ಕಳೆದುಕೊಳ್ಳುತ್ತಿತ್ತು.

ಮನುಷ್ಯರಲ್ಲಿ ಹಾರ್ಮೋನ್ ಅದೇ, ಆದರೆ ಅದನ್ನು ಮುಖ್ಯವಾಗಿ ಎಬ್ಬಿಸುವುದು ಊಟದ ಕೊಬ್ಬು ಮತ್ತು ಒಡೆದ ಪ್ರೋಟೀನಿನ ಚೂರುಗಳು. ಜಠರ ಬೇಗ ಖಾಲಿಯಾಗದಂತೆ ನೋಡಿಕೊಳ್ಳುವುದೂ, ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವುದೂ ಇದೇ ಹಾರ್ಮೋನ್. ಬರೀ ಅನ್ನಕ್ಕಿಂತ ಕಾಳು, ಮೊಟ್ಟೆ ಜೊತೆಗಿದ್ದ ಊಟ ಜಾಸ್ತಿ ಹೊತ್ತು ತಡೆಯುವುದಕ್ಕೆ ಇದೂ ಒಂದು ಕಾರಣ.

ಇದು ಒಂದೊಂದು ಊಟದ ಲೆಕ್ಕ. ದಿನಗಳ ಲೆಕ್ಕ ಬೇರೆಯೇ ಇದೆ. ಪಾವ್ಲೋವ್ ಎಂದರೆ ಎಲ್ಲರಿಗೂ ನಾಯಿ, ಜೊಲ್ಲು ನೆನಪಾಗುತ್ತದೆ. ಆದರೆ 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಮಾಂಸ, ಬ್ರೆಡ್, ಹಾಲು, ಒಂದೊಂದಕ್ಕೂ ನಾಯಿಯ ಜೀರ್ಣರಸ ಬೇರೆ ಬೇರೆ ಎಂದು ಅವರು ವಾದಿಸಿದ್ದರು. 1943ರಲ್ಲಿ ಗ್ರಾಸ್‌ಮನ್, ಗ್ರೀನ್‌ಗಾರ್ಡ್, ಐವಿ ಇಲಿಗಳ ಗ್ರಂಥಿಯನ್ನು ನೇರವಾಗಿ ಪರೀಕ್ಷಿಸಿದರು. ಪಿಷ್ಟ ಜಾಸ್ತಿ ತಿಂದವುಗಳಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಏರಿತ್ತು. ಹಾಲಿನ ಪ್ರೋಟೀನ್ ಜಾಸ್ತಿ ತಿಂದವುಗಳಲ್ಲಿ ಟ್ರಿಪ್ಸಿನ್ ಏರಿತ್ತು. ಈ ಬದಲಾವಣೆ ಒಂದೇ ಊಟಕ್ಕೆ ಪೂರ್ತಿಯಾಗುವುದಿಲ್ಲ. ಗ್ರಂಥಿ ಹೊಸ ಕಿಣ್ವ ತಯಾರಿಸಿ ಕೂಡಿಡಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ.

ತಯಾರಿಸಲು ಕಚ್ಚಾಸಾಮಗ್ರಿಯೇ ಇಲ್ಲದಿದ್ದರೆ? 1933ರಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಇಂದಿನ ಘಾನಾದಲ್ಲಿ ಮೈ ಊದಿಕೊಂಡ ಪುಟ್ಟ ಮಕ್ಕಳ ಕಾಯಿಲೆಯನ್ನು ವರದಿ ಮಾಡಿದರು. ಎದೆಹಾಲು ಬಿಡಿಸಿದ ಮೇಲೆ ಮೆಕ್ಕೆಜೋಳದ ಗಂಜಿಯಲ್ಲೇ ಬೆಳೆದ ಮಕ್ಕಳು. ಕ್ವಾಶಿಯೋರ್ಕರ್ ಎಂಬ ಈ ಕಾಯಿಲೆಯಲ್ಲಿ ಮೇದೋಜೀರಕ ಗ್ರಂಥಿಯೂ ಸೊರಗುತ್ತದೆ, ಕಿಣ್ವ ಇಳಿಯುತ್ತದೆ. ಪ್ರೋಟೀನ್ ಕಡಿಮೆ ತಿಂದ ಮಗುವಿಗೆ ಪ್ರೋಟೀನ್ ಜೀರ್ಣಿಸುವ ಶಕ್ತಿಯೂ ಕುಗ್ಗುವುದು ಎಂಥ ಅನ್ಯಾಯ! ಆರೈಕೆ ಸಿಕ್ಕರೆ ಗ್ರಂಥಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಇಂದು ಮೊದಲು ಕೊಡುವ ಎಫ್-75 ಎಂಬ ಹಾಲಿನಲ್ಲಿ ಪ್ರೋಟೀನನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ, 100 ಮಿಲಿಲೀಟರಿಗೆ ಸುಮಾರು 0.9 ಗ್ರಾಂ. ಕಂಗೆಟ್ಟ ದೇಹಕ್ಕೆ ಒಮ್ಮೆಲೇ ಹೇರಿದರೆ ತಡೆಯುವುದಿಲ್ಲ.

ಇಷ್ಟು ಓದಿ ನಮ್ಮ ಹುರುಳಿ, ಅವರೆಕಾಳಿನ ಬಗ್ಗೆ ಅನುಮಾನ ಬಂದಿರಬಹುದು. ಹೌದು, ಅವುಗಳಲ್ಲೂ ಟ್ರಿಪ್ಸಿನ್ ತಡೆಯುವ ಪ್ರೋಟೀನುಗಳಿವೆ. ಹುರುಳಿಯದ್ದಂತೂ ಸ್ವಲ್ಪ ಹಠಮಾರಿ, ಏಳು ಗಂಧಕದ ಕೊಂಡಿಗಳಿಂದ ಬಿಗಿದುಕೊಂಡಿರುವುದರಿಂದ ಸಣ್ಣಪುಟ್ಟ ಶಾಖಕ್ಕೆ ಜಗ್ಗುವುದಿಲ್ಲ. ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಕುಕ್ಕರಿನಲ್ಲಿ ಕೂಗಿಸುವ ನಮ್ಮ ಪದ್ಧತಿಗೆ ಬಹುತೇಕ ಮಣಿಯುತ್ತದೆ. ಕೋಸಂಬರಿಯ ಹೆಸರುಬೇಳೆ ಹಸಿಯೇ, ಆದರೆ ಸೋಯಾಕ್ಕೆ ಹೋಲಿಸಿದರೆ ಅದರಲ್ಲಿ ಈ ವಸ್ತು ಕಡಿಮೆ. ತಿನ್ನುವುದೂ ಒಂದು ಹಿಡಿ. ಅಂದಹಾಗೆ, ಹಸಿ ಸೋಯಾಕ್ಕೆ ಗ್ರಂಥಿ ದಪ್ಪವಾಗುವುದು ಇಲಿ, ಕೋಳಿಗಳಲ್ಲಿ. ಹಂದಿ, ನಾಯಿಗಳಲ್ಲಿ ಹಾಗಾಗಲಿಲ್ಲ.

ಪ್ರೋಟೀನ್ ಪುಡಿಯ ಡಬ್ಬದ ಮೇಲೆ 'ಜೀರ್ಣಕಾರಿ ಕಿಣ್ವ ಸೇರಿಸಿದೆ' ಎಂದು ಬರೆದು ಜಾಸ್ತಿ ದುಡ್ಡು ಕೇಳುವುದು ನನಗೆ ಒಪ್ಪಿಗೆಯಾಗದ ವಿಷಯ. ಆರೋಗ್ಯವಂತರ ಗ್ರಂಥಿಯಲ್ಲಿ ಕಿಣ್ವಕ್ಕೆ ಬರವಿಲ್ಲ. 1973ರಲ್ಲಿ ಡಿಮ್ಯಾಗ್ನೊ ಮತ್ತು ಜೊತೆಗಾರರು ರೋಗಿಗಳಲ್ಲಿ ಅಳೆದು ನೋಡಿದಾಗ, ಟ್ರಿಪ್ಸಿನ್ ಸಹಜ ಪ್ರಮಾಣದ ಶೇ. 10ರಷ್ಟಕ್ಕೆ ಇಳಿಯುವವರೆಗೂ ಪ್ರೋಟೀನ್ ಜೀರ್ಣವಾಗದೆ ಹೊರಹೋಗುತ್ತಿರಲಿಲ್ಲ. ಗ್ರಂಥಿಯ ದೀರ್ಘಕಾಲದ ಉರಿಯೂತದಿಂದ ಆ ಮಟ್ಟ ತಲುಪಿದವರ ಮಾತು ಬೇರೆ. ಅವರಿಗೆ ಕಿಣ್ವದ ಗುಳಿಗೆ ನಿಜವಾದ ಔಷಧಿ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಪ್ರಯೋಜನವಿಲ್ಲ, ಊಟದ ಜೊತೆಗೇ ತೆಗೆದುಕೊಳ್ಳಬೇಕು.